ಪೊರೆ ಹಣ್ಣಾಗುವವರೆಗೆ

ಕಾನೊ ಪಟ್ಟಣದಲ್ಲಿ ನೂಲುವ ಹೆಂಗಸರಿಗೆ ಬರವಿರಲಿಲ್ಲ, ಆದರೆ ತಬಾವಾಳ ನೂಲೆಂದರೆ ಅದರ ಮಾತೇ ಬೇರೆ. ನೇಕಾರರು ಅದನ್ನು ಬೆರಳಿಗೆ ಸುತ್ತಿ ಜಗ್ಗುತ್ತಿದ್ದರು, ಹಲ್ಲಿಗೆ ಸಿಕ್ಕಿಸಿ ಎಳೆಯುತ್ತಿದ್ದರು, ತುಂಡಾಗದಿದ್ದಾಗ ಒಬ್ಬರ ಮುಖ ಒಬ್ಬರು ನೋಡಿ "ಇದು ಮುದುಕಿಯದೇ" ಎನ್ನುತ್ತಿದ್ದರು. ಅವಳ ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲದ ಕಾಲದಿಂದಲೇ ಅವರು ಹಾಗೆ ಕರೆಯುತ್ತಿದ್ದರು. ನೇಕಾರರ ಬಾಯಿಗೆ ಬೀಗ ಹಾಕುವವರು ಯಾರು?

ಅವಳ ಗಂಡ, ಅಡಿಕೆಯಂತೆ ಜಗಿಯುವ ಗೋರೋ ಕಾಯಿಯ ವ್ಯಾಪಾರಕ್ಕೆಂದು ಕತ್ತೆಗಳ ಹಿಂದೆ ಗೋಂಜಾ ಸೀಮೆಗೆ ಹೋಗುತ್ತಿದ್ದವನು ಒಂದು ವರ್ಷ ಹಿಂತಿರುಗಲಿಲ್ಲ. ಜ್ವರ ಬಂತು, ದಾರಿಯಲ್ಲೇ ಮಣ್ಣು ಮಾಡಿದೆವು ಎಂದು ಜೊತೆಗಾರರು ಬಂದು ಹೇಳಿದರು. ಆಮೇಲೆ ತಬಾವಾ ತಕಲಿಯನ್ನೇ ನಂಬಿ ಬದುಕಿದಳು. ನಡುವಿನ ಮಗನನ್ನು ಸಿಡುಬು ಕೊಂಡೊಯ್ದಿತು. ಕೊನೆಯ ಮಗಳು ಕಂದೆ, ಬಾಯಿಬಡುಕಿ, ಅಳುಮುಂಜಿ, ಆದರೆ ತಾಯಿಯನ್ನು ಬಿಟ್ಟಿರಲಾರದವಳು. ಗಂಡನ ಮನೆ ಪಕ್ಕದ ಓಣಿಯಲ್ಲೇ ಆದದ್ದರಿಂದ ದಿನಕ್ಕೊಂದು ಸಲ ಬಂದು ಗಂಡನ ಮೇಲೆ ಚಾಡಿ ಹೇಳಿ ಹೋಗುತ್ತಿದ್ದಳು.

ಚೊಚ್ಚಲ ಮಗನ ಹೆಸರು ಶೆಕರಾವ್. ಆ ಹೆಸರನ್ನು ನಾವು ಹೇಳಬಹುದು, ನಾವೇನು ಅವನನ್ನು ಹೆತ್ತವರಲ್ಲ. ತಿಂಗಳು ತುಂಬಿದರೂ ಹೊರಗೆ ಬರಲು ಮನಸ್ಸಿಲ್ಲದೆ ತಾಯಿಯ ಹೊಟ್ಟೆಯಲ್ಲೇ ಕೂತ ಮಗುವಿಗೆ ಇಡುವ ಹೆಸರು ಅದು. ಅಷ್ಟು ಕಾಲ ಒಳಗಿಟ್ಟುಕೊಂಡವಳು ಅವನು ಹೊರಬಿದ್ದ ದಿನದಿಂದ ಅವನ ಮುಖ ನೋಡಲಿಲ್ಲ. ನೋಡುವಂತಿರಲಿಲ್ಲ. ಚೊಚ್ಚಲ ಮಗುವನ್ನು ತಾಯಿ ಮುದ್ದಾಡಿದರೆ, ಹೆಸರು ಹಿಡಿದು ಕರೆದರೆ, ಕಣ್ಣಿಟ್ಟು ನೋಡಿದರೆ ಊರು ನಗುತ್ತದೆ. ಇವಳಿಗೆ ನಾಚಿಕೆಯೇ ಇಲ್ಲ, ಮರ್ಯಾದಸ್ಥರ ಮನೆಯ ಹೆಣ್ಣಲ್ಲ ಎನ್ನುತ್ತದೆ. ತಬಾವಾ ಮುಖ ಆಚೆ ತಿರುಗಿಸಿ ಅವನಿಗೆ ಹಾಲೂಡಿಸಿದಳು. ಹಾಲು ಬಿಟ್ಟ ಮೇಲೆ ಅವನನ್ನು ಅಜ್ಜಿಯ ಮನೆಗೆ ಒಯ್ದರು. ಅಲ್ಲಿ ಅವನು ನಡೆದನಂತೆ, ಬಿದ್ದನಂತೆ, ಹಲ್ಲು ಉದುರಿಸಿಕೊಂಡನಂತೆ, ಎಲ್ಲವೂ ಅಂತೆ. ಮಾತಿನ ಮಧ್ಯೆ ಅವನ ಸುದ್ದಿ ಬಂದರೆ ಅವಳು "ಆ ಮನೆಯವನು" ಎನ್ನುತ್ತಿದ್ದಳು, ಅಷ್ಟೇ.

ಕದ್ದು ನೋಡಿಲ್ಲವೆಂದಲ್ಲ. ಯಾವ ತಾಯಿ ನೋಡದೆ ಇದ್ದಾಳು? ಬಾಗಿಲಿಗೆ ಇಳಿಬಿಟ್ಟ ಚಾಪೆಯ ಸಂದಿಯಿಂದ ಒಮ್ಮೆ ಅವನ ಕಿವಿ ಕಂಡಿತ್ತು, ಅಪ್ಪನ ಕಿವಿಯೇ, ಮೊರದಗಲ. ಇನ್ನೊಮ್ಮೆ ಬೆನ್ನು. ಅವನ ಮದುವೆಯ ದಿನ ಹೊಸ ಅಂಗಿಯ ತೋಳು, ಅದರ ತುದಿಯಲ್ಲಿ ನೀಲಿ ಬೆರಳು, ಏಕೆಂದರೆ ಅವನು ಕೋಫಾರ್ ಮಾತಾ ಎಂಬ ಊರಬಾಗಿಲ ಬಳಿಯ ನೀಲಿ ಬಣ್ಣದ ಗುಂಡಿಗಳಲ್ಲಿ ಬಟ್ಟೆ ಅದ್ದುವ ಕಸುಬು ಕಲಿತಿದ್ದ. ಕದ್ದು ನೋಡಿದ್ದನ್ನೆಲ್ಲ ಸೇರಿಸಿದರೂ ತಬಾವಾಳಿಗೆ ಒಂದು ಮುಖ ಆಗುತ್ತಿರಲಿಲ್ಲ. ತುಂಡು ನೂಲು ಎಷ್ಟು ಕೂಡಿಟ್ಟರೂ ಹಾಸು ಹಾಕಲಾಗುವುದಿಲ್ಲವಲ್ಲ, ಹಾಗೆ.

ಆದರೂ ಅವಳಿಗೊಂದು ಆಸೆಯಿತ್ತು. ಹೆಂಗಸು ಪೂರಾ ಮುದುಕಿಯಾದ ಮೇಲೆ ನಾಚಿಕೆಯ ಕಟ್ಟು ಸಡಿಲವಾಗುತ್ತದೆ. ಹಲ್ಲಿಲ್ಲದ ಮುದುಕಿ ಯಾರನ್ನು ನೋಡಿದರೂ ಯಾರೂ ಕೇಳುವುದಿಲ್ಲ. ಆಗ ಒಂದು ದಿನ, ಅವನು ಜೋಳ ತಂದು ಬಾಗಿಲ ಕೋಣೆಯಲ್ಲಿ ಕೂತಾಗ, ಏನೋ ಹುಡುಕುವವಳಂತೆ ಹೋಗಿ ಎದುರಿಗೆ ನಿಂತು ಅವನ ಮುಖವನ್ನು ಒಂದು ಸಲ ಪೂರ್ತಿ ನೋಡಿಬಿಡಬೇಕು. ಈ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹಲ್ಲು ಉದುರುವುದನ್ನೇ ಎದುರು ನೋಡುತ್ತಿದ್ದ ಹೆಂಗಸು ಊರಲ್ಲಿ ಅವಳೊಬ್ಬಳೇ ಇರಬೇಕು.

ಹಲ್ಲು ಉದುರುವ ಮೊದಲೇ ಕಣ್ಣು ಮಂಜಾಯಿತು.

ಮೊದಲು ಒಣಗಾಳಿಯ ಧೂಳೆಂದುಕೊಂಡಳು. ಆ ತಿಂಗಳುಗಳಲ್ಲಿ ಉತ್ತರದಿಂದ ಬರುವ ಧೂಳಿಗೆ ಸೂರ್ಯನೇ ಬೂದಿ ಬಳಿದ ತಟ್ಟೆಯಂತಿರುತ್ತಾನೆ. ಆದರೆ ಮಳೆ ಬಂತು, ಗೋಡೆಗಳು ತೊಳೆದುಹೋದವು, ಅಂಗಳದ ಹುಣಸೆಮರ ಹಸಿರಾಯಿತು ಎಂದರು, ಅವಳ ಕಣ್ಣಿನ ಧೂಳು ಮಾತ್ರ ಹೋಗಲಿಲ್ಲ.

ಕೇರಿಯ ಹೆಂಗಸರೆಲ್ಲ ವೈದ್ಯರಾದರು. ಬಾಣಂತಿಯ ಹಾಲು ಬಿಟ್ಟರು, ಹುಣಸೆಯ ನೀರು ಹಿಂಡಿದರು, ಕಾಡಿಗೆ ತುಂಬಿದರು. ಎಲ್ಲವೂ ಉರಿಯಿತು, ಒಂದೂ ಕಾಣಿಸಲಿಲ್ಲ. ಓಣಿಯ ತುದಿಯಲ್ಲಿ ಮಕ್ಕಳಿಗೆ ಓದಿಸುವ ಮಾಲಮ್ ಹಲಗೆಯ ಮೇಲೆ ದೇವರ ವಚನ ಬರೆದು, ಮಸಿ ತೊಳೆದ ನೀರನ್ನು ಸೋರೆಬುರುಡೆಯಲ್ಲಿ ತುಂಬಿ ಕುಡಿಸಿದರು. ಹಲವು ಶುಕ್ರವಾರ ಕುಡಿಸಿದ ಮೇಲೆ ಅವರೇ ಕೈಚೆಲ್ಲಿದರು. ನಿಜ ಹೇಳುವ ಮನುಷ್ಯ.

"ನೋಡಮ್ಮ, ಮನಸ್ಸಿಗೆ ಧೈರ್ಯ ಬೇಕಾದ್ರೆ ಇನ್ನೂ ಬರೆದುಕೊಡ್ತೀನಿ. ಆದ್ರೆ ನಿನ್ನ ಕಣ್ಣಲ್ಲಿರೋದು ಪೊರೆ. ಅದಕ್ಕೂ ದೇವರೇ ಒಬ್ಬನ ಕೈಗೆ ಸೂಜಿ ಕೊಟ್ಟಿದ್ದಾನೆ. ಕತ್ಸೀನಾ ಕಡೆಯಿಂದ ಬರ್ಮೋ ಅಂತ ಬರ್ತಾನೆ, ಕೊಯ್ಲು ಮುಗಿದ ಮೇಲೆ. ಅವನನ್ನ ಕೇಳು."

"ಸೂಜಿನಾ? ಕಣ್ಣೊಳಗಾ?" ಎಂದು ಕಂದೆ ಅಲ್ಲೇ ಅಳಲು ಶುರುಮಾಡಿದಳು.

"ನಿನ್ನ ಬಾಯಿಗೂ ಒಂದು ಹೊಲಿಗೆ ಹಾಕಿಸೋಣ ಬಿಡು" ಎಂದಳು ದೇಲು.

ದೇಲು ತಬಾವಾಳ ಸೋದರಮಾವನ ಮಗಳು. ಅಂಥ ನೆಂಟಸ್ತಿಕೆಯವರು ಒಬ್ಬರನ್ನೊಬ್ಬರು ಎಷ್ಟು ಬೈದರೂ ಕೋಪಿಸಿಕೊಳ್ಳುವಂತಿಲ್ಲ, ಸಾವಿನ ಮನೆಯಲ್ಲೂ ಹಂಗಿಸುವ ಹಕ್ಕುಂಟು. ದೇಲು ಆ ಹಕ್ಕಿನಲ್ಲಿ ಒಂದು ಕಾಳನ್ನೂ ಪೋಲು ಮಾಡಿದವಳಲ್ಲ. ದಿನವೂ ಬಂದು ತಬಾವಾಳ ಪಕ್ಕ ಕೂತು ಹಾಲಲ್ಲಿ ಕದಡಿದ ಅವಳ ಫುರಾ ಗಂಜಿ ಕುಡಿದು, ಹಾಲು ಹುಳಿಯಾಗಿದೆ ಎಂದು ಬೈದು ಹೋಗುತ್ತಿದ್ದಳು.

"ಏ ಕುರುಡಿ, ಒಂದು ಮಾತು ಕೇಳ್ತೀನಿ" ಎಂದಳು ಒಂದು ಮಧ್ಯಾಹ್ನ. "ನೂಲು ನಿನ್ನ ಬೆರಳಿಗೇ ಕಾಣುತ್ತೆ. ಕಣ್ಣಿದ್ದಾಗ ಎಷ್ಟು ತೆಗೀತಿದ್ದೋ ಈಗಲೂ ಅಷ್ಟೇ ತೆಗೀತಿ. ಮತ್ತೆ ಕಣ್ಣು ಕಣ್ಣು ಅಂತ ಯಾಕೆ ಸಾಯ್ತಿ? ಏನು ನೋಡೋದಿದೆ ನಿಂಗೆ? ನನ್ನ ಮುಖನಾ?"

"ನಿನ್ನ ಮುಖ ಕಾಣದೆ ಇರೋದೊಂದೇ ನಂಗೆ ಸುಖ" ಎಂದಳು ತಬಾವಾ.

ದೇಲು ನಕ್ಕಳು, ಆದರೆ ಪ್ರಶ್ನೆಗೆ ಉತ್ತರ ಬಂದಿಲ್ಲವೆಂಬುದು ಅವಳಿಗೂ ಗೊತ್ತಾಯಿತು.

ಜೋಳದ ತೆನೆ ಕಣಜ ಸೇರಿ ಒಣಗಾಳಿ ಎದ್ದಾಗ ಬರ್ಮೋ ಬಂದ. ತೊಗಲಿನ ಒಂದು ಚೀಲ, ಒಂದು ಕುಂಟು ಕುದುರೆ, ಆಸ್ತಿ ಅಷ್ಟೇ. ಪೇಟೆಯ ಹಿಂದಿನ ಬೇವಿನಂಥ ದೊಡ್ಡ ಮರದ ಕೆಳಗೆ ಚಾಪೆ ಹಾಸಿ ಕೂತ. ಕಂದೆ ತಾಯಿಯ ಕೈಹಿಡಿದು ಅಲ್ಲಿಗೆ ಹೋದಾಗ ಮುಂದೆ ಒಬ್ಬ ದನಗಾಹಿ ಕೂತಿದ್ದ, ವರ್ಷಗಳಿಂದ ಕಣ್ಣಿಲ್ಲದವನು. ತಬಾವಾಳಿಗೆ ಮಸುಕು ನೆರಳುಗಳಷ್ಟೇ ಕಂಡವು, ಉಳಿದದ್ದು ಕೇಳಿಸಿತು. ಜನ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಎಲ್ಲೋ ಒಂದು ಆಡು ಅರಚಿದ್ದು ಕೇಳಿಸಿತು. ಆಮೇಲೆ ಆ ದನಗಾಹಿ ಮಗುವಿನಂತೆ ಕೂಗಿದ:

"ಹಸು! ನನ್ನ ಬಿಳೀದು! ಅದರ ಹಿಂದೆ ಮುರಿದ ಕೊಂಬಿಂದು! ಅಯ್ಯೋ ದೇವರೇ, ಇಷ್ಟು ಬಡವಾಗಿದೆಯಲ್ಲೋ, ಯಾರೋ ಮೇಯಿಸಿದ್ದು ಇದನ್ನ!"

ಜನ ನಗಬೇಕಾಗಿತ್ತು. ಯಾರೂ ನಗಲಿಲ್ಲ. ತಬಾವಾಳ ಮೈಯ ಕೂದಲು ನಿಮಿರಿ ನಿಂತಿತು. ಕತ್ತಲೆಯೊಳಗೆ ಹೋದವನನ್ನು ಒಬ್ಬ ಮನುಷ್ಯ ಕೈಹಿಡಿದು ಈಚೆಗೆ ಕರೆತಂದದ್ದು ಅವಳ ಎದುರಿಗೇ, ಎರಡು ಮಾರು ದೂರದಲ್ಲಿ ನಡೆದಿತ್ತು. ಅಂಥದ್ದು ಭೂಮಿಯ ಮೇಲೆ ನಡೆಯುತ್ತದೆಂದು ಅವಳು ಆ ತನಕ ನಂಬಿರಲಿಲ್ಲ.

ಅವಳ ಸರದಿ ಬಂತು. ಬರ್ಮೋ ಅವಳನ್ನು ಬಿಸಿಲಿಗೆ ಮುಖಮಾಡಿ ಕೂರಿಸಿ, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ, ಬಹಳ ಹೊತ್ತು ನೋಡಿದ. ಅವನ ಬಾಯಿಂದ ಗೋರೋ ಕಾಯಿಯ ಕಹಿ ವಾಸನೆ ಬರುತ್ತಿತ್ತು. ಅಂಗೈಯನ್ನು ಅವಳ ಮುಖದ ಮುಂದೆ ಆಡಿಸಿದ.

"ಏನು ಕಂಡಿತು?"

"ನೆರಳು ಹೋದ ಹಾಗಾಯ್ತು. ಬೆರಳಿತ್ತು. ಎಷ್ಟು ಅಂತ ಹೇಳಲಾರೆ."

"ಈ ಎಡಗಣ್ಣಿಗೆ?"

"ಅದಕ್ಕೆ ಏನೂ ಇಲ್ಲಪ್ಪ. ಬಿಸಿಲೂ ಇಲ್ಲ."

"ಎಡದ್ದು ಹೋಯ್ತು, ಅದರ ಆಸೆ ಬಿಡು. ಬಲದ್ದು ಇನ್ನೂ ಕಾಯಿ. ಮನೆಗೆ ಹೋಗು."

"ಮನೆಗಾ?"

"ಕಾಯಿ ಪೊರೆ ಗಂಜಿ ಇದ್ದ ಹಾಗಮ್ಮ, ಸೂಜಿ ಒತ್ತಿದ್ರೆ ಕದಡುತ್ತೆ, ಕೆಳಗೆ ಇಳಿಯಲ್ಲ. ಹಣ್ಣಾದ್ರೆ ಒಂದೇ ಬಿಲ್ಲೆಯಾಗಿ ಕೂರುತ್ತೆ. ಬಿಳಿ ಹಸು ಯಾವ್ದು, ಕೆಂಪು ಹಸು ಯಾವ್ದು ಅಂತ ಗೊತ್ತಾಗದ ದಿನ ಬಾ. ಆದ್ರೆ ಬಿಸಿಲಿಗೂ ನೆರಳಿಗೂ ವ್ಯತ್ಯಾಸ ಮಾತ್ರ ಗೊತ್ತಾಗ್ತಾ ಇರ್ಬೇಕು. ಅದೂ ಹೋಯ್ತೋ, ನನ್ನ ಹತ್ರ ಬರಬೇಡ. ಇನ್ನೊಂದು ಹೇಳ್ತೀನಿ ಕೇಳು, ಆಮೇಲೆ ಹೇಳಲಿಲ್ಲ ಅನ್ನಬಾರದು. ಕಣ್ಣಿಗೆ ಸೂಜಿ ಹೋಗಬೇಕಾದ್ದು ಒಂದೇ ಸಲ. ಎರಡನೇ ಸಲ ಹಾಕಬೇಕಾಗಿ ಬಂದ ಕಣ್ಣು ಉಳಿದದ್ದನ್ನ ನಾನು ಹೆಚ್ಚು ಕಂಡಿಲ್ಲ."

ಹೀಗೆ ಆ ಮನೆಯಲ್ಲಿ ಕುರುಡುತನಕ್ಕಾಗಿ ಕಾಯುವ ಕಾಲ ಶುರುವಾಯಿತು. ಬೇರೆ ಮನೆಗಳಲ್ಲಿ ಕಣ್ಣು ಉಳಿಯಲೆಂದು ಬೇಡಿಕೊಂಡರೆ ಇಲ್ಲಿ ಬೇಗ ಹೋಗಲೆಂದು ಬೇಡಿಕೊಂಡರು. ಬೆಳಿಗ್ಗೆ ಎದ್ದು ತಬಾವಾ ಹೊಸ್ತಿಲಲ್ಲಿ ನಿಂತು ಮುಖವನ್ನು ಬಿಸಿಲಿಗೊಮ್ಮೆ ಗೋಡೆಗೊಮ್ಮೆ ತಿರುಗಿಸುತ್ತಿದ್ದಳು. ಬಿಸಿಲು ಇದೆಯೋ? ಇದೆ. ದೇವರು ದೊಡ್ಡವನು. ಕಂದೆಯ ಮುಖ ಕಾಣುತ್ತದೋ? ಸ್ವಲ್ಪ ಕಾಣುತ್ತದೆ. ಅಯ್ಯೋ, ಇನ್ನೂ ಕಾಣುತ್ತದಲ್ಲ!

"ಹಣ್ಣಾಯ್ತೇನೇ ನಿನ್ನ ಮಾವಿನಕಾಯಿ?" ಎಂದು ದೇಲು ಬಾಗಿಲಿಂದಲೇ ಕೂಗುತ್ತಿದ್ದಳು. "ಹುಲ್ಲಲ್ಲಿ ಮುಚ್ಚಿಡೋಣ್ವಾ?"

ಒಳಗೊಳಗೆ ಮಾತ್ರ ತಬಾವಾ ಹೆದರಿ ನೀರಾಗುತ್ತಿದ್ದಳು. ಒಂದು ವೇಳೆ ಬರ್ಮೋ ಬರುವ ಮೊದಲೇ ಬಿಸಿಲೂ ಹೋದರೆ? ಹಣ್ಣು ಕೊಳೆತು ಹೋದರೆ? ಶೆಕರಾವ್ ಎಂದಿನಂತೆ ಬರುತ್ತಿದ್ದ. ಬಾಗಿಲ ಕೋಣೆಯಲ್ಲಿ ಕೂತು ತಂಗಿಯ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದ, ಮೂಟೆ ಇಳಿಸಿ ಹೋಗುತ್ತಿದ್ದ. ಅವನು ಬಂದನೆಂದು ಹೇಳಬೇಕಾಗಿರಲಿಲ್ಲ. ಕೊಳೆತ ನೀಲಿ ಸೊಪ್ಪಿನ ಆ ಗಾಢ ವಾಸನೆ ಗೋಡೆ ದಾಟಿ ಬರುತ್ತಿತ್ತು, ತಬಾವಾ ಮುಸುಕೆಳೆದುಕೊಂಡು ಒಳಗೆ ಹೋಗುತ್ತಿದ್ದಳು. ಕಣ್ಣಿಲ್ಲದವಳು ಯಾಕೆ ಮುಖ ತಪ್ಪಿಸಬೇಕು ಎಂದು ಯಾರೂ ಕೇಳಲಿಲ್ಲ. ನಾಚಿಕೆ ಕಣ್ಣಲ್ಲಿ ಮಾತ್ರ ಇರುವುದಲ್ಲ.

ಇನ್ನೊಂದು ಕೊಯ್ಲು ಮುಗಿಯಿತು. ಆ ಹೊತ್ತಿಗೆ ತಬಾವಾಳ ಕಣ್ಣಿಗೆ ಹಸುವೂ ಕಾಣುತ್ತಿರಲಿಲ್ಲ, ಕಂದೆಯ ಮುಖವೂ ಕಾಣುತ್ತಿರಲಿಲ್ಲ. ಬಲಗಣ್ಣಿನಲ್ಲಿ ಬಿಸಿಲು ಮಾತ್ರ ಹಾಲಿನ ಹಾಗೆ ತುಂಬಿಕೊಳ್ಳುತ್ತಿತ್ತು. ಬರ್ಮೋ ಊರಿಗೆ ಬಂದನೆಂದು ಕೇಳಿದ ಕೂಡಲೇ ಕಂದೆ ಓಡಿಹೋಗಿ ಅವನನ್ನು ಮನೆಗೇ ಕರೆತಂದಳು. ಅವನು ಹುಣಸೆಮರದ ಕೆಳಗೆ ತಬಾವಾಳನ್ನು ಕೂರಿಸಿ ರೆಪ್ಪೆ ಎತ್ತಿ ನೋಡಿ, "ಹಾಂ" ಎಂದ. ಆ ಒಂದು ಹಾಂಕಾರಕ್ಕಾಗಿ ಅವಳು ಬದುಕಿದ್ದಳು.

ಕೇರಿ ಕೇರಿಯೇ ಅಂಗಳದಲ್ಲಿ ನೆರೆಯಿತು. ಮಾಲಮ್ ಬಂದರು. ನೇಕಾರರು ಮಗ್ಗ ಬಿಟ್ಟು ಬಂದರು. ಶೆಕರಾವ್‌ಗೂ ಯಾರೋ ಸುದ್ದಿ ಮುಟ್ಟಿಸಿದ್ದರು. ಬಣ್ಣದ ಗುಂಡಿಯಿಂದ ಎದ್ದವನು ಕೈತೊಳೆಯದೆ ಬಂದು, ಯಾರ ಜೊತೆಗೂ ಮಾತಾಡದೆ, ಎಲ್ಲರ ಹಿಂದೆ ಗೋಡೆಗೆ ಒರಗಿ ನಿಂತ. ಮಗ ನಿಲ್ಲಬೇಕಾದ ಜಾಗವೇ ಅದು.

ಬರ್ಮೋ ಚೀಲದಿಂದ ಸೂಜಿ ತೆಗೆದ. ಮುಳ್ಳಿನಷ್ಟು ಸಣ್ಣದು, ಮೂರು ಮೂಲೆಯ ತುದಿ. ಅದನ್ನು ಬಾಯಲ್ಲಿಟ್ಟು ತೇವ ಮಾಡಿಕೊಂಡು ಕಂದೆಗೆ ಹೇಳಿದ, "ತಲೆ ಹಿಡ್ಕೋ. ಅಲುಗಬಾರದು. ಅಲುಗಿದ್ರೆ ಕಥೆ ಮುಗೀತು."

ಕಂದೆಯ ಕೈ ತಾಯಿಯ ಕೆನ್ನೆಯ ಮೇಲೆ ಗಡಗಡ ನಡುಗಿತು. ಬರ್ಮೋ ಅವಳ ಕೈಯನ್ನು ಸರಿಸಿ ಜನರತ್ತ ನೋಡಿದ. ಗೋಡೆಯ ಹತ್ತಿರ ಎಲ್ಲರಿಗಿಂತ ಒಂದು ತಲೆ ಎತ್ತರದ, ತೋಳು ದಪ್ಪದ ಒಬ್ಬ ಮನುಷ್ಯ ನಿಂತಿದ್ದ. ಕತ್ಸೀನಾದವನಿಗೆ ಅವನು ಯಾರೆಂದು ಏನು ಗೊತ್ತು?

"ಏ ಅಣ್ಣಾ, ಗೋಡೆ ಬಿದ್ದುಹೋಗಲ್ಲ, ಬಿಟ್ಟು ಬಾ ಇಲ್ಲಿ. ಈ ಅಮ್ಮನ ತಲೆ ಹಿಡ್ಕೋ."

ಗೊತ್ತಿದ್ದವರು ನೆಲ ನೋಡಿದರು. ಕಂದೆ ಬಾಯಿ ತೆರೆದಳು, ದೇಲು ಅವಳ ತೊಡೆ ಚಿವುಟಿದಳು. ಶೆಕರಾವ್ ಒಂದು ಕ್ಷಣ ನಿಂತಲ್ಲೇ ನಿಂತಿದ್ದು, ಆಮೇಲೆ ಜನರ ಮಧ್ಯೆ ದಾರಿ ಮಾಡಿಕೊಂಡು ಬಂದು ತಾಯಿಯ ಹಿಂದೆ ಮಂಡಿಯೂರಿದ.

ನೀಲಿಯ ವಾಸನೆ ತಬಾವಾಳ ಮೂಗಿಗೆ ಬಡಿಯಿತು. ಏಳಬೇಕೆಂದುಕೊಂಡಳು. ಅಷ್ಟರಲ್ಲಿ ಎರಡು ಒರಟು ಅಂಗೈಗಳು ಅವಳ ಕೆನ್ನೆಗಳನ್ನು ಹಿಡಿದು ತಲೆಯನ್ನು ಅವನ ಎದೆಗೆ ಒರಗಿಸಿದವು. ಹಾಲು ಬಿಡಿಸಿದ ಮೇಲೆ ಆ ಮೈ ಈ ಮೈಯನ್ನು ಮುಟ್ಟಿದ್ದು ಅದೇ ಮೊದಲು. ಅವನ ಎದೆ ಅವಳ ನೆತ್ತಿಯ ಹಿಂದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕೈ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಅವಳು ಏಳಲಿಲ್ಲ.

"ಎಡಕ್ಕೆ ನೋಡಮ್ಮ" ಎಂದ ಬರ್ಮೋ. "ಇನ್ನೂ ಎಡಕ್ಕೆ. ಹಾಂ. ದೇವರ ಹೆಸರಲ್ಲಿ."

ಸೂಜಿ ಹೋಯಿತು. ನೋವೆಂದರೆ ನೋವು, ಆದರೆ ಅವಳು ಹೆತ್ತವಳು, ಅದಕ್ಕಿಂತ ದೊಡ್ಡದನ್ನು ಕಂಡವಳು. ಆಮೇಲೆ ಕಣ್ಣಿನೊಳಗೆ ಯಾರೋ ಬಾಗಿಲಿನ ಚಾಪೆಯನ್ನು ಮೇಲಿಂದ ಕೆಳಕ್ಕೆ ಮೆಲ್ಲನೆ ಸುತ್ತಿ ಇಳಿಸಿದ ಹಾಗಾಯಿತು. ಹಾಲಿನ ಬಿಳುಪು ಮೇಲಿನಿಂದ ಹರಿಯಿತು. ಅಲ್ಲಿ ಒಂದು ನೀಲಿ ಇತ್ತು, ಎಷ್ಟು ದೊಡ್ಡ ನೀಲಿಯೆಂದರೆ ಅದಕ್ಕೆ ಅಂಚೇ ಇರಲಿಲ್ಲ, ಅದರ ಮೇಲೆ ಕಪ್ಪು ಕಪ್ಪಾಗಿ ಏನೋ ಅಲ್ಲಾಡುತ್ತಿತ್ತು. ಅದು ಆಕಾಶ ಎಂದು ಅವಳಿಗೆ ತಡವಾಗಿ ಹೊಳೆಯಿತು. ಅಲ್ಲಾಡುತ್ತಿದ್ದದ್ದು ಅವಳದೇ ಹುಣಸೆಮರ.

"ದೇವರೇ" ಎಂದಳು. ನೆರೆದವರೆಲ್ಲ ಅದನ್ನೇ ಹೇಳಿದರು, ಮಾಲಮ್ ಕೂಡ ಪಿಸುದನಿಯಲ್ಲಿ.

ಬರ್ಮೋ ಒಂದು ಸೋರೆಬುರುಡೆ ಎತ್ತಿ ಹಿಡಿದ. "ಏನಿದು?"

"ಬುರುಡೆ."

ಕಾಲು ಕಟ್ಟಿದ ಕೋಳಿಯನ್ನು ಎತ್ತಿದ.

"ಕೋಳಿ. ಕೆಂಪು. ನನ್ನದೇ. ಅದನ್ನ ಯಾಕಪ್ಪ ಕಟ್ಟಿದ್ದೀರಿ?"

ಅಂಗಳ ಗೊಳ್ಳೆಂದು ನಕ್ಕಿತು. ಅತ್ತು ಕೆಂಪಾಗಿದ್ದ ಕಂದೆಯೂ ನಕ್ಕಳು. ಬರ್ಮೋ ನಗಲಿಲ್ಲ. ಬುರುಡೆ ಕೋಳಿಗಳನ್ನು ಊಹೆಯ ಮೇಲೂ ಹೇಳಬಹುದು. ಅವನು ಕೊನೆಗೆ ತೋರಿಸುವುದು ಮನುಷ್ಯನ ಮುಖವನ್ನೇ. ಮುಖ ಹೇಳಿದರೆ ಪೊರೆ ನಿಜವಾಗಿ ಕೆಳಗೆ ಕೂತಿದೆಯೆಂದು ಲೆಕ್ಕ. ತಲೆ ಹಿಡಿದಿದ್ದವನೇ ಹತ್ತಿರ ಸಿಕ್ಕ, ಅವನ ಭುಜ ಹಿಡಿದು ಮುಂದಕ್ಕೆ ಎಳೆದು ಅವಳೆದುರು ಕೂರಿಸಿದ.

"ಈ ಮನುಷ್ಯನ ಮುಖ ನೋಡಿ ಹೇಳು. ಹೇಗಿದ್ದಾನೆ?"

ತಬಾವಾ ನೋಡಿದಳು. ನೀರಿನ ತಳದಲ್ಲಿ ಕಂಡ ಹಾಗೆ ಮೊರದಗಲದ ಎರಡು ಕಿವಿ, ನಡುವೆ ಒಂದು ಮುಖ. ಬಾಗಿಲ ಸಂದಿ ಇಲ್ಲ, ಚಾಪೆ ಇಲ್ಲ. ಪೂರ್ತಿ ಮುಖ.

ಮರುಕ್ಷಣವೇ ಅವಳ ಕೈ ತಾನಾಗಿ ಎದ್ದು ಮುಸುಕನ್ನು ಕಣ್ಣಿನವರೆಗೆ ಎಳೆಯಿತು, ಕುತ್ತಿಗೆ ತಾನಾಗಿ ಆಚೆ ತಿರುಗಿತು. ಬಾಯಿಯೂ ತಾನಾಗಿಯೇ ಹೇಳಿತು, "ಕಾಣಲಿಲ್ಲ."

"ಕಾಣಲಿಲ್ವಾ? ಈಗ ಕೋಳಿ ಕಂಡಿತಲ್ಲ?"

"ಇಲ್ಲಪ್ಪ. ಯಾರೂ ಕಾಣಲಿಲ್ಲ."

ನಲವತ್ತು ವರ್ಷ ಪಳಗಿದ ಮೈ ಅದು. ಯಜಮಾನಿಯನ್ನು ಕೇಳಿ ಮಾಡಲಿಲ್ಲ.

ಬರ್ಮೋನ ಮುಖ ಇಳಿಯಿತು. "ಮೇಲೆದ್ದುಬಿಡ್ತು" ಎಂದ, ತನಗೇ ಹೇಳಿಕೊಳ್ಳುವವನಂತೆ. "ಇಳಿದ ಪೊರೆ ತೇಲಿ ವಾಪಸ್ ಬಂತು. ಇನ್ನೊಂದು ಸಲ ಹಾಕಬೇಕು. ಈಗಲೇ, ತಡ ಮಾಡೋ ಹಾಗಿಲ್ಲ." ಅವನು ಸೂಜಿಯನ್ನು ಮತ್ತೆ ಬಾಯಲ್ಲಿಟ್ಟುಕೊಂಡ.

ನಗು ನಿಂತುಹೋಯಿತು. ಎರಡನೇ ಸಲ ಎಂದರೆ ಏನೆಂದು ಆ ಅಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಸುಕಿನೊಳಗೆ ತಬಾವಾ ಯೋಚಿಸಿದಳು. ಕಂಡಿತು ಎನ್ನಬೇಕು. ಕಂಡಿತು ಎಂದರೆ ಯಾರು ಎನ್ನುತ್ತಾರೆ. ಯಾರು ಎಂದರೆ ಇಷ್ಟು ಜನರೆದುರು ತನ್ನ ಬಾಯಿಂದ...

"ಏ ನಾಚಿಕೆಗೇಡಿ" ಎಂದಳು ದೇಲು ಹತ್ತಿರ ಬಾಗಿ. ದನಿಯಲ್ಲಿ ಹಂಗಿಸುವ ರಾಗವೇ ಇತ್ತು. "ಕಣ್ಣಿಗಿಂತ ಮುಸುಕು ದೊಡ್ಡದೇನೇ ನಿಂಗೆ? ಈಗ ಗೊತ್ತಾಯ್ತು ಬಿಡು ಯಾಕೆ ಬೇಕಿತ್ತು ನಿಂಗೆ ಕಣ್ಣು. ಬಿಚ್ಚೇ ಬಾಯಿ!"

ಎದುರು ಕೂತಿದ್ದ ಶೆಕರಾವ್‌ಗೆ ಆಗಲೇ ಅರ್ಥವಾಗಿತ್ತು. ಮುಖ ತಿರುಗಿಸಿದವಳು ನೋಡಿದವಳು. ಕಾಣದಿದ್ದರೆ ತಿರುಗಿಸುತ್ತಿರಲಿಲ್ಲ. ತಾಯಿಯ ಮರ್ಯಾದೆ ಕಾಯುವುದು ಹೇಗೆಂದು ಅವನು ಹುಟ್ಟಿದಾಗಿನಿಂದ ಕಲಿತಿದ್ದ. ತಲೆ ತಗ್ಗಿಸಿ ಮೆಲ್ಲಗೆ ಎದ್ದ.

"ಸೂಜಿ ಬೇಡ ವೈದ್ಯರೇ. ನಾನು ಆಚೆ ಹೋಗ್ತೀನಿ. ಬೇರೆಯವರನ್ನ ಕೂರಿಸಿ ತೋರಿಸಿ. ಅವರು ಹೇಳ್ತಾರೆ."

ಸರಿಯಾದ ಮಾತು. ಕಣ್ಣೂ ಉಳಿಯುತ್ತಿತ್ತು, ನಾಚಿಕೆಯೂ ಉಳಿಯುತ್ತಿತ್ತು. ಯಾವ ತಾಯಿಯಾದರೂ ಅಂಥ ಮಗನನ್ನು ಹೆತ್ತದ್ದಕ್ಕೆ ದೇವರಿಗೆ ಕೈಮುಗಿದು ಸುಮ್ಮನಿರಬಹುದಿತ್ತು. ಅವನ ಹೆಜ್ಜೆ ಗೋಡೆಯ ಕಡೆಗೆ ತಿರುಗಿದ್ದು ತಬಾವಾಳಿಗೆ ಕೇಳಿಸಿತು. ಅವನು ಬಂದಾಗಲೆಲ್ಲ ಹಾಗೆ ತಿರುಗಿ ಹೋಗುವ ಹೆಜ್ಜೆಯನ್ನು ಅವಳು ಎಷ್ಟು ವರ್ಷ ಕೇಳಿದ್ದಳೋ.

"ಶೆಕರಾವ್" ಎಂದಳು. "ಕೂತ್ಕೋ."

ಅಲ್ಲಿದ್ದವರಲ್ಲಿ ಕೆಲವರು ಆ ಸೂಜಿಯ ಕೆಲಸವನ್ನು ಮರೆತರು, ಇದನ್ನು ಮರೆಯಲಿಲ್ಲ.

ಅವನು ಮರಳಿ ಬಂದು ಕೂತ. ತಬಾವಾ ಮುಸುಕನ್ನು ತಾನೇ ತೆಗೆದಳು.

"ಕಿವಿ ಅವರಪ್ಪಂದು" ಎಂದಳು ಬರ್ಮೋಗೆ, ದನಿ ಒಡೆದು. "ಹಣೆ ನನ್ನ ತಮ್ಮಂದು. ಕೆನ್ನೆ ಮೇಲೆ ನೀಲಿ ಹತ್ತಿದೆ, ಒರೆಸ್ಕೊಳ್ಳೋದು ಗೊತ್ತಿಲ್ಲ. ಗಡ್ಡ..." ಅವಳು ತಡೆದಳು. "ಗಡ್ಡ ಬೆಳ್ಳಗಾಗಿದೆ. ಇದು ಯಾವಾಗಪ್ಪ ಬೆಳ್ಳಗಾಯ್ತು? ನಂಗೆ ಯಾರೂ ಹೇಳಲೇ ಇಲ್ಲ."

ಬರ್ಮೋ ಸೂಜಿಯನ್ನು ಒರೆಸಿ ಚೀಲಕ್ಕೆ ಹಾಕಿದ. ಬಟ್ಟೆಯ ಪಟ್ಟಿ ಎತ್ತಿಕೊಂಡ.

"ಕಟ್ಟಬೇಕಮ್ಮ. ಬಿಸಿಲು ತಾಗಬಾರದು."

"ಸ್ವಲ್ಪ ತಾಳಪ್ಪ."

ಬರ್ಮೋ ಪಟ್ಟಿ ಹಿಡಿದುಕೊಂಡೇ ಮುಖವನ್ನು ಆಚೆ ತಿರುಗಿಸಿದ. "ನಾನೂ ಚೊಚ್ಚಲನೇ" ಎಂದ. "ನೋಡ್ಕೋ."

ಅವಳು ನೋಡಿದಳು. ಕೇರಿಯ ಜನರ ಎದುರು, ಮಾಲಮ್‌ರ ಎದುರು, ನಾಚಿಕೆ ಬಿಟ್ಟು ನೋಡಿದಳು. ಶೆಕರಾವ್‌ಗೆ ತನ್ನ ಮುಖವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಯಾರೂ ಅದನ್ನು ಹಾಗೆ ನೋಡಿರಲಿಲ್ಲ. ನಗಬೇಕೋ, ತಗ್ಗಿಸಬೇಕೋ, ಕೆನ್ನೆಯ ನೀಲಿ ಒರೆಸಿಕೊಳ್ಳಬೇಕೋ ಗೊತ್ತಾಗದೆ, ಕೊನೆಗೆ ಎಳೆಮಗುವಿನಂತೆ ಸುಮ್ಮನೆ ಅದನ್ನು ಅವಳ ಕಡೆಗೆ ಎತ್ತಿ ಹಿಡಿದುಕೊಂಡು ಕೂತ. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು.

ಆಮೇಲೆ ಅವಳೇ "ಕಟ್ಟು" ಎಂದಳು.

ಪಟ್ಟಿ ಬಿಚ್ಚಿದ ಮೇಲೂ ಕಣ್ಣು ಉಳಿಯಿತು. ಹರೆಯದ ಕಣ್ಣೇನಲ್ಲ. ಸೂಜಿಯ ರಂಧ್ರ ಕಾಣುತ್ತಿರಲಿಲ್ಲ, ದೂರದ ಮರ ಕಾಣುತ್ತಿತ್ತು. ಬರ್ಮೋಗೆ ಅವಳದೇ ನೂಲಿನಲ್ಲಿ ನೇಯ್ದ, ಮಗನೇ ಅದ್ದಿದ ಕಪ್ಪುನೀಲಿ ಬಟ್ಟೆ ಕೊಟ್ಟರು. ಅವನು ಅದನ್ನು ಹೊದ್ದುಕೊಂಡೇ ಕುಂಟು ಕುದುರೆ ಏರಿ ಹೋದ. ದೇಲು ಪ್ರತಿದಿನ ಬಂದು, "ನಾಚಿಕೆಗೇಡಿ ಇದ್ದಾಳೇನ್ರೇ ಮನೇಲಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಆ ಮಾತು ಆಡಲು ಬೇರೆ ಯಾರಿಗೂ ಬಾಯಿ ಬರಲಿಲ್ಲ, ಯಾರಾದರೂ ಆಡಿದ್ದರೆ ದೇಲುವೇ ಅವರ ಕೂದಲು ಹಿಡಿಯುತ್ತಿದ್ದಳು.

ತಬಾವಾ ಆಮೇಲೆ ಹಲವು ಕೊಯ್ಲು ಬದುಕಿದಳು. ಆ ಹೆಸರನ್ನು ಅವಳ ಬಾಯಿಂದ ಮತ್ತೆ ಯಾರೂ ಕೇಳಲಿಲ್ಲ. ನೀಲಿಯ ವಾಸನೆ ಬಂದರೆ ಮುಸುಕೆಳೆದು ಮುಖವನ್ನು ತಕಲಿಯ ಕಡೆಗೆ ತಿರುಗಿಸುತ್ತಿದ್ದಳು, ಮೊದಲಿನ ಹಾಗೆಯೇ. ಆದರೆ ಒಳಗೆ ಎದ್ದುಹೋಗುತ್ತಿರಲಿಲ್ಲ. ಶೆಕರಾವ್ ಕೂಡ ಬಾಗಿಲ ಕೋಣೆಯ ಕತ್ತಲೆಯಲ್ಲಿ ಕೂರುವುದನ್ನು ಬಿಟ್ಟ. ಮೂಟೆ ಇಳಿಸಿ, ಅಂಗಳದ ಆಚೆ ತುದಿಯಲ್ಲಿ, ಅವಳ ಬಲಗಣ್ಣಿನ ಕಡೆಗೆ, ಬಿಸಿಲು ಚೆನ್ನಾಗಿ ಬೀಳುವ ಜಾಗ ನೋಡಿ ಕೂರುತ್ತಿದ್ದ.